ಹಿವರೆ ಬಜಾರ್‌ಗೆ ಬಸ್ಸು ಸಾಕು, ಊರಲ್ಲೊಂದು ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವರ್ಷಕ್ಕೆರಡು ಸಲವಾದರೂ ಒಂದು ಸುದ್ದಿ ಬರುತ್ತದೆ. ಇಂಥ ಊರಿನ ರೈತರು, ಪಂಚಾಯಿತಿ ಸದಸ್ಯರು ಮಾದರಿ ಗ್ರಾಮ ಅಂತ ಹೆಸರಾದ ಮಹಾರಾಷ್ಟ್ರದ ಹಿವರೆ ಬಜಾರ್‌ಗೆ ಅಧ್ಯಯನ ಪ್ರವಾಸ ಹೋಗಿ ಬಂದರು ಅಂತ. ಜೊತೆಗೊಂದು ಗುಂಪು ಫೋಟೋ. ಅಂಥ ಒಂದು ಫೋಟೋದಲ್ಲಿ ನಾನೂ ಇದ್ದೇನೆ, ಎಡದಿಂದ ನಾಲ್ಕನೆಯವನು, ತಲೆಗೆ ಟವೆಲ್ ಸುತ್ತಿಕೊಂಡವನು. ಹೋಗಿ ಬಂದು ಆರು ವರ್ಷವಾಯ್ತು. ಈ ಆರು ವರ್ಷದಲ್ಲಿ ನಮ್ಮೂರಲ್ಲಿ ಬದಲಾಗಿದ್ದು ಒಂದೇ, ಬೋರ್‌ವೆಲ್‌ಗಳ ಆಳ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಹೋಟೆಲ್‌ನಲ್ಲಿ ನನಗೆ ಟೀ ಕೊಡಲ್ಲ. ಶಿರಾ ತಾಲ್ಲೂಕು ಅಂತ ಅಂದ್ಕೊಳ್ಳಿ, ಸಾಕು.

ಒಂದು ರಾತ್ರಿ, ಒಂದು ಹಗಲು ಬಸ್ಸಲ್ಲಿ ಕೂತು ಹೋಗಿದ್ದೆವು. ಹಿವರೆ ಬಜಾರ್ ಇರುವುದು ಅಹ್ಮದ್‌ನಗರ ಜಿಲ್ಲೆಯಲ್ಲಿ, ಈಗ ಅದನ್ನು ಅಹಿಲ್ಯಾನಗರ ಅಂತಾರೆ. ಮಳೆ ನಮಗಿಂತ ಕಡಿಮೆಯೇ. 1972ರ ಬರದ ನಂತರ ಆ ಊರು ಹಾಳು ಬಿದ್ದಿತ್ತು, ಜನ ಗುಳೆ ಹೋಗಿದ್ದರು, ಉಳಿದವರಲ್ಲಿ ಸಾರಾಯಿ ಕಾಯಿಸುವುದು, ಹೊಡೆದಾಟ. ಸರ್ಕಾರಿ ನೌಕರರಿಗೆ ಅಲ್ಲಿಗೆ ವರ್ಗವಾದರೆ ಅದು ಶಿಕ್ಷೆ ಅನ್ನೋ ಮಾತಿತ್ತಂತೆ. 1989ರಲ್ಲಿ ಎಂ.ಕಾಂ ಓದಿದ್ದ, ಕ್ರಿಕೆಟ್ ಆಡುತ್ತಿದ್ದ ಪೋಪಟ್‌ರಾವ್ ಪವಾರ್ ಅನ್ನೋ ಹುಡುಗನನ್ನು ಊರವರು ಅವಿರೋಧವಾಗಿ ಸರಪಂಚ, ಅಂದರೆ ಪಂಚಾಯಿತಿ ಅಧ್ಯಕ್ಷ, ಮಾಡಿದರು. ಆಮೇಲಿನದು ನಿಮ್ಮ ಓದುಗರಿಗೆ ಗೊತ್ತಿರುವ ಕಥೆ. ಮಳೆ ನೀರು ಇಂಗಲಿ ಅಂತ ಗುಡ್ಡದ ತುಂಬ ಅಡ್ಡಲಾಗಿ, ಸಮಪಾತಳಿಯಲ್ಲಿ ಟ್ರೆಂಚು ತೋಡಿದರು, ಗಿಡ ನೆಟ್ಟರು, ಸಾರಾಯಿ ಅಂಗಡಿ ಮುಚ್ಚಿಸಿದರು, ಗುಳೆ ಹೋದವರು ವಾಪಸ್ ಬಂದರು. 1995ರಲ್ಲಿ 168 ಬಡ ಕುಟುಂಬಗಳಿದ್ದ ಊರಲ್ಲಿ ಕೊನೆಗೆ ಉಳಿದಿದ್ದು 3. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ನಮ್ಮ ಬಸ್ಸಿನವರು ಇದೆಲ್ಲ ಕೇಳಿ ತಲೆದೂಗಿದರು. ಟ್ರೆಂಚಿನ ಫೋಟೋ ತೆಗೆದುಕೊಂಡರು. ವಾಪಸ್ ಬಂದು ಒಂದು ಭಾನುವಾರ ಶ್ರಮದಾನ ಮಾಡಿದೆವು, ಪೊರಕೆ ಹಿಡಿದು, ಬಾಳೆ ಎಲೆ ಮೇಲೆ ಉಪ್ಪಿಟ್ಟು ತಿಂದು. ಅಲ್ಲಿಗೆ ಮುಗೀತು.

ಅಲ್ಲಿ ಕೇಳಿದ ಒಂದು ವಿಷಯವನ್ನು ಮಾತ್ರ ಯಾರೂ ಊರಿಗೆ ತರಲಿಲ್ಲ. ಬಸ್ಸಲ್ಲೇ ಬಿಟ್ಟು ಇಳಿದರು. ಅದೇನಂದ್ರೆ, ಹಿವರೆ ಬಜಾರ್‌ನಲ್ಲಿ ಬೇಸಾಯಕ್ಕೆ ಬೋರ್‌ವೆಲ್ ಕೊರೆಸುವ ಹಾಗಿಲ್ಲ. ಬೋರು ಕುಡಿಯುವ ನೀರಿಗೆ ಮಾತ್ರ. ಜಮೀನಿಗೆ ಏನಿದ್ದರೂ ತೆರೆದ ಬಾವಿ. ಕಬ್ಬು, ಬಾಳೆಯಂಥ ಜಾಸ್ತಿ ನೀರು ಕುಡಿಯುವ ಬೆಳೆಗೆ ಊರೇ ಸೇರಿ ಬೇಡ ಅಂದಿದೆ. ನೆನಪಿರಲಿ, ಅಹ್ಮದ್‌ನಗರ ಅಂದರೆ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಪಕ್ಕದ ಊರಿನವನು ಕಬ್ಬಲ್ಲಿ ದುಡ್ಡು ಎಣಿಸುತ್ತಿರುವಾಗ ನೀನು ಜೋಳ, ಕಡಲೆ, ಈರುಳ್ಳಿ ಹಾಕು ಅಂದರೆ ಸುಮ್ನೆ ಒಪ್ಪುತ್ತಾರಾ? ಒಪ್ಪಿಸಿದ್ದಾರೆ. ಮಳೆಗಾಲ ಮುಗಿದ ಮೇಲೆ ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಹಾಕುತ್ತಾರೆ. ಎಷ್ಟು ಮಳೆ ಬಿತ್ತು, ಜನಕ್ಕೆ ದನಕ್ಕೆ ಎಷ್ಟು ಬೇಕು, ಉಳಿದಿದ್ದರಲ್ಲಿ ಯಾವ ಬೆಳೆ ಎಷ್ಟು ಎಕರೆ ಅಂತ. ಮಳೆ ಕೈಕೊಟ್ಟ ವರ್ಷ ಹಿಂಗಾರಿನ ಗೋಧಿಗೆ ಕತ್ತರಿ.

ಹೇಳಿ, ಈ ನಿಯಮದಿಂದ ಯಾರಿಗೆ ನಷ್ಟ? ಆಳಕ್ಕೆ ಕೊರೆಸಲು ದುಡ್ಡಿದ್ದವನಿಗೆ. ಹತ್ತು ಎಕರೆ ಇದ್ದವನಿಗೆ. ಲಾಭ ಆಗಿದ್ದು ಒಂದೆರಡು ಎಕರೆಯ, ಇಪ್ಪತ್ತು ಮೂವತ್ತು ಅಡಿ ಬಾವಿಯವನಿಗೆ. ಅವನ ಬಾವಿಯಲ್ಲಿ ನೀರು ಉಳಿಯಿತು, ಅದಕ್ಕೇ ಅವನು ಗುಳೆಯಿಂದ ವಾಪಸ್ ಬಂದ. ಬಡತನ ಇಳಿದಿದ್ದು ಹೀಗೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಊರಲ್ಲಿ ಉಳ್ಳವರು ಏನನ್ನಾದರೂ ಬಿಡಲು ಒಪ್ಪುವ ತನಕ ಎಷ್ಟು ಶ್ರಮದಾನ ಮಾಡಿದರೂ ಅದು ಉಪ್ಪಿಟ್ಟಿನ ಕಾರ್ಯಕ್ರಮ.

ಇದು ನನ್ನ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದುಕೊಂಡರೆ, ಕಣ್ಣಾರೆ ಕಂಡಿದ್ದು ಹೇಳುತ್ತೇನೆ ಕೇಳಿ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ಹಳ್ಳದ ಸಾಲಿನಲ್ಲಿ, ಅಂದರೆ ಹಳ್ಳದ ಪಕ್ಕದ ಹೊಲಗಳ ಸಾಲಿನಲ್ಲಿ, ಮೇಲಿನ ತೋಟಕ್ಕೆ ಬೋರ್ ಲಾರಿ ಬಂತು. ರಾತ್ರಿ ಹತ್ತು ಗಂಟೆ. ಅದಕ್ಕೆ ಮುಂಚೆ ಪಾಯಿಂಟ್ ನೋಡುವವರು ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ಓಡಾಡಿ ಜಾಗ ತೋರಿಸಿದ್ದರು. ಲಾರಿಯವರು ಅರಿಶಿನ ಕುಂಕುಮ ಹಾಕಿ ಶುರು ಮಾಡಿದರು. ಆ ಸದ್ದಿಗೆ ಊರಲ್ಲಿ ಯಾರಿಗೂ ನಿದ್ದೆ ಇಲ್ಲ, ಎಲ್ಲರೂ ಹೋಗಿ ನಿಂತಿದ್ದೆವು. ಬೆಳಗಿನ ಜಾವದ ತನಕ ಬರೀ ಬಿಳಿ ಪುಡಿ, ಮಾವಿನ ಗಿಡದ ಎಲೆ ಎಲ್ಲ ಗೋಧಿ ಹಿಟ್ಟು ಚೆಲ್ಲಿದ ಹಾಗೆ. ಏಳುನೂರು ಅಡಿಗೆ ಪುಡಿ ಸ್ವಲ್ಪ ಒದ್ದೆ ಆಯ್ತು, ಒಂಬೈನೂರ ನಲವತ್ತಕ್ಕೆ ಎರಡಿಂಚು ನೀರು ಚಿಮ್ಮಿತು. ತೋಟದ ಯಜಮಾನರು ಆ ಕೆಸರು ನೀರನ್ನೇ ಬೊಗಸೆಯಲ್ಲಿ ಹಿಡಿದು ತಲೆಗೆ ಹಾಕಿಕೊಂಡರು. ನಾವೆಲ್ಲ ಖುಷಿಪಟ್ಟೆವು, ಸುಳ್ಳು ಹೇಳಬಾರದು.

ಮೂರನೇ ವಾರಕ್ಕೆ ಕೆಳಗಿನ ಹೊಲದ ಅಕ್ಕನ ಬೋರು ಬುಸ್ ಬುಸ್ ಅಂತ ಗಾಳಿ ಬಿಡತೊಡಗಿತು. ಮುನ್ನೂರ ಎಂಬತ್ತು ಅಡಿಯದು. ಅದಕ್ಕೆ ಸಂಘದಲ್ಲಿ ತೆಗೆದ ಸಾಲ ಇನ್ನೂ ತೀರಿರಲಿಲ್ಲ. ಆ ಅಕ್ಕ ಈಗ ಬೆಳಗ್ಗೆ ಆರೂಕಾಲಿಗೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ. ಹೊಲ ಬೀಳು. ತೋಟದವರು ಕೆಟ್ಟವರೇನಲ್ಲ, ಅಕ್ಕನ ಮಗಳ ಮದುವೆಗೆ ಎರಡು ಮೂಟೆ ಅಕ್ಕಿ ಕಳಿಸಿದವರು. ಅಕ್ಕಿ ಕೊಡುವುದು ಸುಲಭ, ಅಡಿಕೆ ಗಿಡ ಕಡಿಮೆ ಮಾಡುವುದು ಕಷ್ಟ.

ನಮ್ಮ ಜನಕ್ಕೆ ಒಗ್ಗಟ್ಟಿಲ್ಲ, ಮಹಾರಾಷ್ಟ್ರದವರ ಹಾಗಲ್ಲ ಅನ್ನೋ ಮಾತು ನಮ್ಮ ಹೋಟೆಲ್ ಮುಂದೆ ದಿನಾ ಕೇಳುತ್ತದೆ. ನನಗೆ ಇದು ಕೇಳಿದರೆ ಸಿಟ್ಟು ಬರುತ್ತದೆ. ಏಷ್ಯಾದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಹೆಸರಾದದ್ದು ಯಾವ ಊರಿನದು? ಗದಗದ ಪಕ್ಕದ ಕಣಗಿನಹಾಳ, 1905ರಲ್ಲಿ. ಅಷ್ಟು ದೂರ ಯಾಕೆ, ನಮ್ಮ ಕೆರೆಯನ್ನೇ ನೋಡಿ. ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು ಇಳಿಸುವುದು ಅವನ ಕೈಲಿ, ಊರ ಗೌಡನೂ ರಾತ್ರಿ ಹೋಗಿ ತೂಬು ಎತ್ತುವ ಹಾಗಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ದಾಮಾಷ ಅಂತ ಮಾಡುತ್ತಿದ್ದರು. ಕೋಲಾರದ ಕಡೆಯ ಕೆರೆಗಳಲ್ಲೂ ಇದು ಇತ್ತು. ಇದ್ದ ನೀರಿಗೆ ಎಷ್ಟು ಗದ್ದೆ ಆಗುತ್ತದೋ ಅಷ್ಟನ್ನೇ ತೂಬಿನ ಹತ್ತಿರ ಗುರುತು ಮಾಡಿ, ಅಚ್ಚುಕಟ್ಟಿನಲ್ಲಿ ಪಾಲಿರುವ ಎಲ್ಲರಿಗೂ ಅವರವರ ಪ್ರಮಾಣಕ್ಕೆ ತಕ್ಕಂತೆ ಹಂಚುವುದು. ನಿನ್ನ ಗದ್ದೆ ಕೆರೆ ಹತ್ತಿರ ಇದೆ ಅಂತ ನೀನೊಬ್ಬನೇ ಭತ್ತ ಬೆಳೆಯುವ ಹಾಗಿಲ್ಲ. ನಮ್ಮ ತಾತ ಇದನ್ನು ಮಾಮೂಲಿ ವಿಷಯದ ಹಾಗೆ ಹೇಳುತ್ತಿದ್ದರು.

ಹಾಗಿದ್ದ ಜನ ಈಗ ಹೀಗೆ ಯಾಕಾದೆವು ಅಂದರೆ, ಕೆರೆಯ ನೀರು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಏರಿ ಮೇಲೆ ನಿಂತರೆ ಮಕ್ಕಳಿಗೂ ಗೊತ್ತಾಗುತ್ತಿತ್ತು ಈ ವರ್ಷ ಎಷ್ಟಿದೆ ಅಂತ. ಕದ್ದರೆ ಕಾಣುತ್ತಿತ್ತು. ನೆಲದ ಕೆಳಗಿನ ನೀರು ಯಾರಿಗೆ ಕಾಣುತ್ತದೆ? ನನ್ನ ಹೊಲ, ನನ್ನ ದುಡ್ಡು, ನನ್ನ ಕೇಸಿಂಗ್ ಪೈಪು, ನೀರೂ ನನ್ನದೇ. ಮೇಲಿಂದ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. ನನ್ನ ಮೋಟರೂ ಅದರಲ್ಲೇ ಓಡುತ್ತದೆ, ಬೇಡ ಅನ್ನುವಷ್ಟು ದೊಡ್ಡವನಲ್ಲ ನಾನು. ಕಾನೂನು ಇಲ್ಲವಾ ಅಂದರೆ ಇದೆ, 2011ರ ಅಂತರ್ಜಲ ಕಾಯ್ದೆ. ನಮ್ಮ ಸಾಲಿನಲ್ಲಿ ಬೋರು ಕೊರೆಯುವ ಮುಂಚೆ ಒಬ್ಬರೂ ಅನುಮತಿ ಕೇಳಿದ್ದು ನಾನು ನೋಡಿಲ್ಲ, ನಾನೂ ಕೇಳಿಲ್ಲ.

ಆದ್ದರಿಂದ ಮೊದಲು ಆ ನೀರು ಕಣ್ಣಿಗೆ ಕಾಣುವ ಹಾಗೆ ಮಾಡಬೇಕು. ಇದು ದೊಡ್ಡ ವಿದ್ಯೆಯಲ್ಲ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್, ಅಂದರೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ನೀರು. ಈ ಮಾತನ್ನು ನಮ್ಮ ಸಾಲಿನವರಿಗೆ ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ದುಡ್ಡು ಕೊಟ್ಟವರೇ ಎಲ್ಲ, ತಟ್ಟನೆ ಅರ್ಥವಾಯ್ತು. ನಮ್ಮ ಪಕ್ಕದ ಅನಂತಪುರವೂ ಸೇರಿ ಆಗಿನ ಆಂಧ್ರದ ಏಳು ಜಿಲ್ಲೆಗಳಲ್ಲಿ 2000ದ ನಂತರದ ವರ್ಷಗಳಲ್ಲಿ ರೈತರೇ ಬೋರಿಗೆ ಅಳತೆ ಇಳಿಬಿಟ್ಟು ನೀರಿನ ಮಟ್ಟ ಬರೆದಿಟ್ಟರು, ಮಳೆ ಅಳೆದರು, ಹಿಂಗಾರಿಗೆ ಮುಂಚೆ ಕೂತು ಬೆಳೆಯ ಲೆಕ್ಕ ಹಾಕಿದರು. ಅಲ್ಲಿ ಯಾರಿಗೂ ಕಡ್ಡಾಯ ಮಾಡಿರಲಿಲ್ಲ, ಲೆಕ್ಕ ಮುಂದೆ ಇಟ್ಟರು ಅಷ್ಟೇ. ಪಾವಗಡ ದಾಟಿದರೆ ಅನಂತಪುರ. ಅದನ್ನು ಬಿಟ್ಟು ನಾವು ಬಸ್ಸು ಮಾಡಿಕೊಂಡು ಮಹಾರಾಷ್ಟ್ರಕ್ಕೆ ಹೋದೆವು!

ನಮ್ಮ ಪಂಚಾಯಿತಿಯಲ್ಲೂ ಒಂದು ಲೆಕ್ಕ ಇದೆ, ಗೋಡೆ ಮೇಲೆ. 2019ರ ಕೊನೆಯಲ್ಲಿ ಅಂತರ್ಜಲಕ್ಕೆಂದು ಕೇಂದ್ರದ ಅಟಲ್ ಭೂಜಲ ಯೋಜನೆ ಶುರುವಾಯಿತಲ್ಲ, ಏಳು ರಾಜ್ಯಗಳಲ್ಲಿ ನಮ್ಮದೂ ಒಂದು, ಅದರಲ್ಲಿ ಬರೆಸಿದ್ದು. ಒಳಬರುವ ನೀರು, ಹೊರಹೋಗುವ ನೀರು, ಕೊರತೆ, ಎಲ್ಲ ನೀಲಿ ಬಣ್ಣದಲ್ಲಿ ಚೆನ್ನಾಗಿದೆ. ಆ ಗೋಡೆಗೆ ಒರಗಿಸಿ ಬೈಕ್ ನಿಲ್ಲಿಸುತ್ತೇವೆ. ಅಂಕಿಗಳನ್ನು ಯಾವ ಗ್ರಾಮಸಭೆಯಲ್ಲೂ ಓದಿದ್ದು ನನಗೆ ನೆನಪಿಲ್ಲ. ಗ್ರಾಮಸಭೆಯಲ್ಲಿ ಮನೆ ಯಾರಿಗೆ, ಚರಂಡಿ ಎಲ್ಲಿಗೆ ಅನ್ನೋ ಜಗಳ ಮುಗಿಯುವ ಹೊತ್ತಿಗೆ ಕಾಫಿ ಬಂದಿರುತ್ತದೆ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹಿವರೆ ಬಜಾರ್‌ನ ಎಲ್ಲ ನಿಯಮ ನಮಗೆ ಒಗ್ಗುವುದಿಲ್ಲ. ಅಲ್ಲಿ ಗುಡ್ಡದಲ್ಲಿ ದನ, ಆಡು ಬಿಟ್ಟು ಮೇಯಿಸುವ ಹಾಗಿಲ್ಲ, ಕುಡುಗೋಲಲ್ಲಿ ಹುಲ್ಲು ಕೊಯ್ದು ತರಬೇಕು. ಹಸು ಕಟ್ಟಿದವರಿಗೆ ಇದು ಸರಿ, ಅಲ್ಲಿ ಹಾಲು ಜಾಸ್ತಿಯಾಗಿದ್ದೂ ಅದರಿಂದಲೇ. ಶಿರಾ ಅಂದರೆ ಕುರಿ ಸೀಮೆ. ಇಲ್ಲಿ ನಾಳೆಯಿಂದ ಬಿಟ್ಟು ಮೇಯಿಸುವುದು ಬಂದ್ ಅಂದರೆ ಹೊಡೆತ ಬೀಳುವುದು ಜಮೀನಿಲ್ಲದೆ ನಲವತ್ತು ಕುರಿ ಇಟ್ಟುಕೊಂಡವನಿಗೆ. ತಮಾಷೆ ನೋಡಿ, ನಮ್ಮ ಬಸ್ಸಿನಲ್ಲಿ ಬಂದಿದ್ದ ದೊಡ್ಡ ಹಿಡುವಳಿಯವರಿಗೆ ಆ ನಿಯಮ ಮಾತ್ರ ಬಹಳ ಇಷ್ಟವಾಗಿತ್ತು.

ಈಗ ನಾವು ಮಾಡಿದ್ದು. ದೊಡ್ಡದೇನಲ್ಲ, ಹೊಗಳಿಕೆಗೂ ಬರೆಯುತ್ತಿಲ್ಲ. ಅಕ್ಕನ ಬೋರು ನಿಂತ ಮೇಲೆ ಹಳ್ಳದ ಸಾಲಿನ ಹನ್ನೊಂದು ಮನೆಯವರು ಹುಣಸೆ ಮರದ ಕೆಳಗೆ ಮೂರು ಸಲ ಕೂತೆವು. ಮೊದಲ ಸಲ ಬರೀ ಜಗಳ. ಎರಡನೇ ಸಲ ಒಬ್ಬರು ಎದ್ದು ಹೋದರು. ಮೂರನೇ ಸಲ ಒಂದು ಮಾತಿಗೆ ಬಂದೆವು. ಮೂರು ವರ್ಷ ಈ ಸಾಲಿನಲ್ಲಿ ಹೊಸ ಬೋರು ಇಲ್ಲ, ಅಡಿಕೆ ಈಗ ಎಷ್ಟಿದೆಯೋ ಅಷ್ಟೇ. ನೀರಿರುವ ನಾಲ್ಕು ಬೋರಿನವರು, ಅದರಲ್ಲಿ ನಾನೂ ಒಬ್ಬ, ಮಳೆ ಕೈಕೊಟ್ಟಾಗ ಉಳಿದವರ ರಾಗಿಗೆ, ಕಡಲೆಕಾಯಿಗೆ ಎರಡು ಹದ ನೀರು ಕೊಡಬೇಕು. ಅದಕ್ಕೆ ಬದಲಾಗಿ ಮೋಟರು ಸುಟ್ಟರೆ ರಿಪೇರಿ ಖರ್ಚು ಎಲ್ಲರ ಮೇಲೆ, ಸ್ಪ್ರಿಂಕ್ಲರ್ ಪೈಪು ಎಲ್ಲರದ್ದು, ಬಿತ್ತನೆ, ಕಳೆ ಕೆಲಸಕ್ಕೆ ಮುಯ್ಯಿ ಆಳು, ಅಂದರೆ ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು. ಬಾಂಡ್ ಪೇಪರ್ ಮೇಲೆ ಬರೆಯೋಣ ಅಂತ ಒಬ್ಬರು ಹೇಳಿದರು. ಬರೆದಿದ್ದು ಮಾತ್ರ ನನ್ನ ಮಗಳ ಹಳೇ ನೋಟ್‌ಬುಕ್ಕಿನಲ್ಲಿ, ಒಂದು ಕಡೆ ಅವಳ ಭೂಗೋಳದ ನೋಟ್ಸು, ಇನ್ನೊಂದು ಕಡೆ ನಮ್ಮ ಸಹಿ.

ಕಳೆದ ವರ್ಷ ಆಗಸ್ಟಿನಲ್ಲಿ ಇಪ್ಪತ್ತೆರಡು ದಿನ ಮಳೆ ಇಲ್ಲ. ಕಡಲೆಕಾಯಿ ಊಡು, ಅಂದರೆ ಕಾಯಿ ಕಟ್ಟುವ ಎಳೆ, ನೆಲಕ್ಕೆ ಇಳಿಯುವ ಹೊತ್ತು, ಆಗ ನೆಲ ಗಟ್ಟಿಯಾದರೆ ಮುಗೀತು. ನನ್ನ ಬೋರಿಂದ ಪಕ್ಕದ ಎರಡು ಹೊಲಕ್ಕೆ ಪೈಪು ಎಳೆದೆವು. ರಾತ್ರಿ ಕರೆಂಟು ಬಂದಾಗ ಮೋಟರು ಹಾಕಬೇಕು, ನನ್ನ ಹೆಂಡತಿ ಬೈದಳು, ನಮ್ಮ ತೋಟ ಒಣಗಲಿ ಊರಿನವರದ್ದು ನೆನೆಯಲಿ ಅಂತ. ಅವಳು ಹೇಳಿದ್ದರಲ್ಲಿ ಸತ್ಯ ಇತ್ತು, ಐವತ್ತು ಅಡಿಕೆ ಗಿಡ ಸೊರಗಿದವು. ಪಕ್ಕದವರಿಗೆ ಎಕರೆಗೆ ಐದಾರು ಚೀಲ ಕಡಲೆಕಾಯಿ ಬಂತು, ಕೈಸಾಲ ತೀರಿಸಿಕೊಂಡರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಬೇಕಿದ್ದ ಅವರ ಮಗ ಆ ವರ್ಷ ಹೋಗಲಿಲ್ಲ. ಹನ್ನೊಂದರಲ್ಲಿ ಒಬ್ಬರು ಮಾತು ಮುರಿದು ಬೋರು ಕೊರೆಸಿದರು. ನೀರು ಬೀಳಲಿಲ್ಲ. ನಾವು ಯಾರೂ ನಗಲಿಲ್ಲ, ಒಳಗೊಳಗೆ ಬಿಟ್ಟು.

ಅಕ್ಕ ಇನ್ನೂ ವ್ಯಾನು ಹತ್ತುತ್ತಲೇ ಇದ್ದಾರೆ. ಅವರ ಹೊಲ ಸಾಲಿನ ತುದಿಯಲ್ಲಿದೆ, ಅಷ್ಟು ದೂರ ಪೈಪು ಸಾಲಲಿಲ್ಲ. ಈ ಸಲ ಹದಿನೆಂಟು ಪೈಪು ಬೇಕು, ಚೀಟಿ ಹಾಕಿದ್ದೇವೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಮಾದರಿ ಗ್ರಾಮದ ಸುದ್ದಿ ಹಾಕುವಾಗ ಹಸಿರು ಗುಡ್ಡದ ಫೋಟೋ ಜೊತೆಗೆ ಎರಡು ಪ್ರಶ್ನೆ ಕೇಳಿ ಬರೆಯಲು ನಿಮ್ಮ ವರದಿಗಾರರಿಗೆ ಹೇಳಿ. ಆ ಊರಿನವರು ಏನನ್ನು ಬೇಡ ಅಂದರು? ಅದರಿಂದ ಯಾರ ಕೈ ಸ್ವಲ್ಪ ಕಟ್ಟಿತು? ಇನ್ನು ನಮ್ಮ ತಾಲ್ಲೂಕಿನ ಪಂಚಾಯಿತಿಗಳವರು ಇದನ್ನು ಓದಿದರೆ, ದೀಪಾವಳಿ ಕಳೆದ ಮೇಲೆ, ಹಿಂಗಾರು ಬಿತ್ತನೆಗೆ ಮುಂಚೆ, ನೀರಿನದೇ ಒಂದು ಗ್ರಾಮಸಭೆ ಕರೆಯಿರಿ. ಗೋಡೆ ಮೇಲಿನ ಲೆಕ್ಕವನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಅವತ್ತು ಗೋಡೆ ಮುಂದೆ ಬೈಕ್ ನಿಲ್ಲಿಸುವುದಿಲ್ಲ ಅಂತ ನಾನು ಮಾತು ಕೊಡುತ್ತೇನೆ.

ಇಂತಿ,
ಒಬ್ಬ ರೈತ ಓದುಗ
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ