ಹತ್ತು ನಿಮಿಷದ ಕುಣಿತಕ್ಕೆ ಮಿಸಿಸಿಪ್ಪಿಗೆ ಹೋಗಿ ಬಂದೆ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿ,

ನಾನು ಇಲ್ಲಿ ಅಮೆರಿಕದಲ್ಲಿ ಆರಾಮಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಟ್ಟೆ. ಮೊನ್ನೆ ಫೋನಲ್ಲಿ ಅಪ್ಪ "ಓದೋಕೆ ಹೋದವಳು ಫುಟ್‌ಬಾಲ್ ಮ್ಯಾಚಿಗೆ ಅಂತ ಬೇರೆ ರಾಜ್ಯಕ್ಕೆ ಯಾಕೆ ಹೋಗಬೇಕು" ಅಂದರಲ್ಲ, ಆಗ ಬಸ್ಸಲ್ಲಿದ್ದೆ, ಸುತ್ತ ಗಲಾಟೆ, ಏನೂ ಹೇಳೋಕಾಗಲಿಲ್ಲ. ಫೋನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮನ ಹತ್ತಿರ ಜೋರಾಗಿ ಓದಿಸಿ, ಅಜ್ಜಿಗೂ ಕೇಳಲಿ.

ಮೊದಲನೇದಾಗಿ, ನಾನು ಚಿಯರ್‌ಲೀಡರ್ ಅಲ್ಲ. ಅಂದರೆ ಅದು ಕೆಟ್ಟದ್ದು ಅಂತ ಅಲ್ಲ, ಎರಡೂ ತಂಡ ಬೇರೆ ಬೇರೆ ಅಷ್ಟೆ. ಚಿಯರ್ ತಂಡದವರು ಮ್ಯಾಚ್ ಮುಗಿಯೋವರೆಗೂ ಮೈದಾನದ ಅಂಚಲ್ಲೇ ನಿಂತು ಜನರನ್ನು ಕೂಗಿಸುತ್ತಾರೆ, ಒಬ್ಬರನ್ನೊಬ್ಬರು ಎತ್ತಿ ಹಿಡಿಯುತ್ತಾರೆ, ಮೇಲಕ್ಕೆ ಎಸೆದು ಹಿಡಿಯುತ್ತಾರೆ. ನಮ್ಮದು ಡ್ಯಾನ್ಸ್ ಟೀಮ್. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ; ಅದರ ಹಾಫ್‌ಟೈಮಲ್ಲಿ, ಅಂದರೆ ನಡುವಿನ ಬಿಡುವಲ್ಲಿ, ಬ್ಯಾಂಡಿನ ಜೊತೆ ಮೈದಾನದ ನಡುವೆ ಹೋಗಿ ಕುಣಿಯುವವರು ನಾವು. ಅಪ್ಪನ ತಲೆಯಲ್ಲಿ ಇರೋದು ಐಪಿಎಲ್, ನನಗೆ ಗೊತ್ತು. 2008ರಲ್ಲಿ ಮೊದಲ ಐಪಿಎಲ್ ನಡೆದಾಗ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನೇ ಬೆಂಗಳೂರು ತಂಡದವರು ಚಿನ್ನಸ್ವಾಮಿಗೆ ಕರೆಸಿದ್ದರು, ಆಮೇಲೆ ಊರೆಲ್ಲ ಚರ್ಚೆ. ಅವರು ಅದನ್ನೇ ವೃತ್ತಿಯಾಗಿ ಮಾಡುವವರು, ಮಾಡಲಿ. ಇಲ್ಲಿರುವವರು ವಿದ್ಯಾರ್ಥಿಗಳು. ನನ್ನ ಪಕ್ಕ ಸಾಲಲ್ಲಿ ನಿಲ್ಲುವವಳು ನರ್ಸಿಂಗ್ ಓದುತ್ತಾಳೆ, ಹಿಂದಿನವಳು ಅಕೌಂಟಿಂಗ್.

ಇನ್ನೊಂದು ತಮಾಷೆ ಗೊತ್ತಾ ಅಪ್ಪ, ಈ ಚಿಯರ್ ಅನ್ನೋದು ಶುರುವಾಗಿದ್ದು ಗಂಡಸರಿಂದ. 1898ರಲ್ಲಿ ಮಿನೆಸೋಟ ಯೂನಿವರ್ಸಿಟಿಯಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನೋ ಹುಡುಗ ಜನರ ಮುಂದೆ ನಿಂತು ಕೂಗಿಸಿದ, ಅಲ್ಲಿಂದ ಬಂದಿದ್ದು ಇದು. ಹುಡುಗಿಯರನ್ನು ಸೇರಿಸಿಕೊಳ್ಳಲು ಅದೇ ಯೂನಿವರ್ಸಿಟಿಗೆ 1920ರ ದಶಕ ಬರಬೇಕಾಯಿತು. ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್, ರೇಗನ್, ಜಾರ್ಜ್ ಡಬ್ಲ್ಯೂ. ಬುಷ್, ಮೂರೂ ಜನ ಓದುವಾಗ ಚಿಯರ್‌ಲೀಡರ್ ಆಗಿದ್ದವರು. ಹಾಗಾಗಿ "ಇದರಿಂದ ಮುಂದೆ ಏನಾಗ್ತೀಯ" ಅಂತ ನನ್ನನ್ನು ಕೇಳಬೇಡಿ!

ಅಮ್ಮ, ನೀನು ಹೆದರುತ್ತೀಯ ಅಂತಲೇ ಇದನ್ನೂ ಹೇಳುತ್ತೇನೆ, ಬೇರೆ ಯಾರೋ ವಾಟ್ಸಾಪಲ್ಲಿ ಕಳಿಸೋ ಮೊದಲು. ಚಿಯರ್‌ನಲ್ಲಿ ಬಿದ್ದು ಪೆಟ್ಟು ಮಾಡಿಕೊಳ್ಳುವವರು ಇದ್ದಾರೆ. 2006ರಲ್ಲಿ ಒಂದು ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹುಡುಗಿಯೊಬ್ಬಳು ಪಿರಮಿಡ್ ಮೇಲಿಂದ ತಲೆ ಕೆಳಗಾಗಿ ಬಿದ್ದಳು. ಅವಳನ್ನು ಸ್ಟ್ರೆಚರಲ್ಲಿ ಕಟ್ಟಿ ಒಯ್ಯುವಾಗ ಬ್ಯಾಂಡ್ ಕಾಲೇಜಿನ ಹಾಡು ಬಾರಿಸಿತು, ಮಲಗಿದ್ದಲ್ಲೇ ಅವಳು ಕೈ ಆಡಿಸಿ ಅದರ ಸ್ಟೆಪ್ಪು ಮಾಡಿದಳು. ಅದಾದ ಮೇಲೆ ನಿಯಮಗಳು ಬಿಗಿಯಾದವು. ನಮ್ಮ ತಂಡದಲ್ಲಿ ಯಾರೂ ಯಾರನ್ನೂ ಎಸೆಯುವುದಿಲ್ಲ. ನನ್ನ ಎರಡೂ ಕಾಲು ನೆಲ ಬಿಟ್ಟರೆ ಅದು ನಾನೇ ಹಾರಿದ್ದು, ಅಷ್ಟೆ.

ಸರಿ, ಪ್ರಯಾಣದ ಕಥೆ. ಸಾಮಾನ್ಯವಾಗಿ ನಮ್ಮನ್ನು ದೂರದ ಮ್ಯಾಚಿಗೆ ಕರೆದೊಯ್ಯುವುದಿಲ್ಲ. ಈ ಸಲ ಬ್ಯಾಂಡ್ ಹೊರಟಿತ್ತು, ಹಾಗಾಗಿ ನಾವೂ ಚಿಯರ್ ತಂಡವೂ ಒಂದೇ ಬಸ್ಸಲ್ಲಿ. ಡಲ್ಲಾಸ್‌ನಿಂದ ಐ-20 ಹೆದ್ದಾರಿ ಹಿಡಿದು ನೇರ ಪೂರ್ವಕ್ಕೆ, ಟೆಕ್ಸಸ್ ಮುಗಿದು ಲೂಸಿಯಾನಾ, ಅದನ್ನು ದಾಟಿದರೆ ಮಿಸಿಸಿಪ್ಪಿ. ಹೊರಟ ಸ್ವಲ್ಪ ಹೊತ್ತಿಗೇ ಟೆರೆಲ್ ಅನ್ನೋ ಊರಲ್ಲಿ ಬಕೀಸ್ ಹತ್ತಿರ ನಿಲ್ಲಿಸಿದರು. ಅದು ಪೆಟ್ರೋಲ್ ಬಂಕು, ಆದರೆ ಒಳಗೆ ಹೋದರೆ ದಾರಿ ತಪ್ಪುವಷ್ಟು ದೊಡ್ಡ ಅಂಗಡಿ. ಟಾಯ್ಲೆಟ್ಟು ಫಳಫಳ ಹೊಳೆಯುತ್ತದೆ, ನಮ್ಮ ತುಮಕೂರು ರಸ್ತೆಯ ಡಾಬಾದವರು ಒಮ್ಮೆ ಬಂದು ನೋಡಬೇಕು. ನನಗೆ ತಿನ್ನಲು ಸಿಕ್ಕಿದ್ದು ಜೋಳದ ಕುರುಕಲು ಮಾತ್ರ, ಉಳಿದದ್ದೆಲ್ಲ ಮಾಂಸ. ನೀನು ಕಳಿಸಿದ ಚಟ್ನಿಪುಡಿ, ಬ್ರೆಡ್ಡು ಬ್ಯಾಗಲ್ಲಿತ್ತು ಅಮ್ಮ, ಆದ್ದರಿಂದ ಬದುಕಿದೆ.

ಬಸ್ಸಲ್ಲಿ ನಿದ್ದೆ ಮಾಡೋಕೆ ಬಿಡಲಿಲ್ಲ. ಹೊಸ ಪಾಂ ಪಾಂ ಬಂದಿತ್ತು. ಟಿವಿಯಲ್ಲಿ ಕಾಣುತ್ತಲ್ಲ, ಕೈಯಲ್ಲಿ ಹಿಡಿದು ಅಲ್ಲಾಡಿಸುವ ಮಿಂಚುವ ಉಂಡೆ, ಅದು ಅಂಗಡಿಯಿಂದ ಬರುವಾಗ ಉಂಡೆಯಾಗಿ ಇರುವುದಿಲ್ಲ. ಪ್ಲಾಸ್ಟಿಕ್ ಎಳೆಗಳು ಒಂದರ ಮೇಲೊಂದು ಚಪ್ಪಟೆಯಾಗಿ ಅಂಟಿಕೊಂಡು ಬರುತ್ತವೆ. ಒಂದೊಂದೇ ಎಳೆ ಬಿಡಿಸಿ, ಬೆರಳಲ್ಲಿ ಮುದುರಿ ಮುದುರಿ ಉಬ್ಬಿಸಬೇಕು. ಸೀನಿಯರ್‌ಗಳು ತಮ್ಮದನ್ನೂ ನಮ್ಮ ಮಡಿಲಿಗೆ ಹಾಕಿ ಮಲಗಿದರು. ಬೆರಳ ತುದಿಯೆಲ್ಲ ಉರಿ. ರ‍್ಯಾಗಿಂಗ್ ಅಂತ ಕರೆಯೋ ಮಟ್ಟಕ್ಕೆ ಇಲ್ಲ, ಆದರೂ ಮುಂದಿನ ವರ್ಷ ನಾನೂ ಹಾಗೇ ಮಾಡುತ್ತೇನೆ.

ದಾರಿಯಲ್ಲಿ ಕಿಲ್ಗೋರ್ ಅನ್ನೋ ಸಣ್ಣ ಊರಿದೆ. ಅಲ್ಲಿ ನಿಲ್ಲಿಸಲೇಬೇಕು ಅಂತ ಕೋಚ್ ಹಟ ಹಿಡಿದರು. 1930ರಲ್ಲಿ ಆ ಭಾಗದಲ್ಲಿ ಎಣ್ಣೆ ಸಿಕ್ಕಿ, ಊರ ನಡುವೆಯೇ ಬಾವಿ ಕೊರೆದು ಹಾಕಿದ್ದಾರೆ, ಅಂಥ ಕಬ್ಬಿಣದ ಗೋಪುರಗಳು ಈಗಲೂ ಅಂಗಡಿ ಸಾಲಿನ ಪಕ್ಕ ಕಾಣುತ್ತವೆ. ಆ ಊರಿನ ಕಾಲೇಜಿನವರಿಗೆ ಒಂದು ತಲೆನೋವಿತ್ತಂತೆ. ಹಾಫ್‌ಟೈಮ್ ಆದರೆ ಗಂಡಸರೆಲ್ಲ ಸ್ಟ್ಯಾಂಡಿನ ಕೆಳಗೆ ಹೋಗಿ ಕುಡಿಯುವುದು, ಜಗಳ. ಜನ ಕೂತಲ್ಲೇ ಕೂರುವ ಹಾಗೆ ಏನಾದರೂ ಮಾಡಿ ಅಂತ 1939ರಲ್ಲಿ ಗಸ್ಸಿ ನೆಲ್ ಡೇವಿಸ್ ಅನ್ನೋ ಟೀಚರನ್ನು ಕರೆಸಿದರು. ಆಕೆ ಹುಡುಗಿಯರ ತಂಡ ಕಟ್ಟಿದರು, ರೇಂಜರೆಟ್ಸ್ ಅಂತ. 1940ರಲ್ಲಿ ಮೊದಲ ಸಲ ಮೈದಾನಕ್ಕಿಳಿದರು. ಇವತ್ತಿಗೂ ಇದ್ದಾರೆ, ಕೆಂಪು ಅಂಗಿ, ನೀಲಿ ಸ್ಕರ್ಟು, ಬಿಳಿ ಹ್ಯಾಟು, ಕಾಲೆತ್ತಿದರೆ ಶೂ ಹ್ಯಾಟಿನ ಅಂಚಿಗೆ ಬರಬೇಕು. ಅವರದ್ದೇ ಮ್ಯೂಸಿಯಂ ಇದೆ. ನಮ್ಮ ಕೋಚ್ ಒಂದು ಹಳೆಯ ಫೋಟೋ ಮುಂದೆ ನಿಂತವರು ಅಲ್ಲಾಡಲೇ ಇಲ್ಲ, ಡ್ರೈವರ್ ಬಂದು ಕರೆದರು. ಟೆಕ್ಸಸ್‌ನಲ್ಲಿ ಹೈಸ್ಕೂಲಿಗೊಂದು ಡ್ಯಾನ್ಸ್ ತಂಡ ಇರೋದಕ್ಕೆ ಈ ಊರೇ ಮೂಲ ಅಂತ ಅವರು ಹೇಳುತ್ತಾರೆ. ಕುಡುಕರನ್ನು ಕೂರಿಸಲು ಶುರುವಾಗಿದ್ದು, ಈಗ ನೋಡಿ.

ಲೂಸಿಯಾನಾ ಉದ್ದಕ್ಕೂ ಪೈನ್ ಮರ, ಮತ್ತೆ ಪೈನ್ ಮರ. ಗ್ರ್ಯಾಂಬ್ಲಿಂಗ್ ಅನ್ನೋ ಬೋರ್ಡ್ ಬಂದಾಗ ಬ್ಯಾಂಡಿನ ಹುಡುಗರ ಬಸ್ಸು ಹಾರ್ನ್ ಹೊಡೆಯಿತು. ಆ ಊರಿನ ಯೂನಿವರ್ಸಿಟಿ ಬ್ಯಾಂಡ್ 1967ರ ಮೊದಲ ಸೂಪರ್ ಬೌಲ್‌ನ, ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್‌ನ ಫೈನಲ್‌ನ, ಹಾಫ್‌ಟೈಮಲ್ಲಿ ಬಾರಿಸಿದ್ದು, ಇವರಿಗೆಲ್ಲ ಅದು ದೇವಸ್ಥಾನ ಇದ್ದಂಗೆ. ವಿಕ್ಸ್‌ಬರ್ಗ್ ಹತ್ತಿರ ಮಿಸಿಸಿಪ್ಪಿ ನದಿ ದಾಟಿದೆವು. ಕತ್ತಲಾಗಿತ್ತು, ಸೇತುವೆ ಕಂಡಿದ್ದಷ್ಟೇ ಬಂತು. ಹೋಟೆಲಲ್ಲಿ ರೂಮಿಗೆ ನಾಲ್ಕು ಜನ, ಹತ್ತು ಗಂಟೆಗೆ ಕೋಚ್ ಬಾಗಿಲು ತಟ್ಟಿ ತಲೆ ಎಣಿಸಿದರು. ಹಾಸ್ಟೆಲ್ ವಾರ್ಡನ್ ಪರವಾಗಿಲ್ಲ ಅನಿಸಿತು.

ಮ್ಯಾಚ್ ದಿನ ನಮಗೆ ಕೊಟ್ಟಿದ್ದು ಸ್ಟ್ಯಾಂಡಿನ ಕೆಳಗಿನ ಒಂದು ಉಗ್ರಾಣದಂಥ ಕೋಣೆ, ಕನ್ನಡಿ ಒಂದೇ. ಎಲ್ಲರದ್ದೂ ಒಂದೇ ಬಣ್ಣದ ಲಿಪ್‌ಸ್ಟಿಕ್ಕು, ಅಂಟಿಸುವ ರೆಪ್ಪೆ, ಕೂದಲಿಗೆ ಎಷ್ಟು ಸ್ಪ್ರೇ ಅಂದರೆ ಮುಟ್ಟಿದರೆ ಟಪ್ ಅನ್ನುತ್ತೆ. ಕಾಲು ಬರಿದಾಗಿರುತ್ತೆ ಅಂತ ನೀನು ಬೇಜಾರು ಮಾಡಿಕೊಂಡಿದ್ದೆಯಲ್ಲ ಅಮ್ಮ, ಅದು ಬರಿಗಾಲಲ್ಲ, ಮೈಬಣ್ಣದ ಟೈಟ್ಸು. ಅದರದ್ದೂ ಒಂದು ಕಥೆ. ಮೊದಲು ಆನ್‌ಲೈನಲ್ಲಿ ತರಿಸಿದ್ದು ಎಲ್ಲರಿಗೂ ಒಂದೇ ಬಣ್ಣ, ಬಿಳಿ ಹುಡುಗಿಯರ ಬಣ್ಣ. ನಾನೂ ತಂಡದ ಕಪ್ಪು ಹುಡುಗಿಯರೂ ಹಾಕಿಕೊಂಡರೆ ಕೈ ಒಂದು ಬಣ್ಣ, ಕಾಲು ಒಂದು ಬಣ್ಣ. ನಾವು ಬಾಯಿಬಿಡುವ ಮೊದಲೇ ಕ್ಯಾಪ್ಟನ್ ಅಂಗಡಿಯವರಿಗೆ ಫೋನ್ ಮಾಡಿ ಕೂಗಾಡಿ ಎಲ್ಲ ವಾಪಸ್ ಕಳಿಸಿದಳು. ಈಗ ಅವರವರ ಮೈಬಣ್ಣದ್ದು ಅವರವರಿಗೆ. ಆ ಹುಡುಗಿಯನ್ನು ನನಗೆ ಅವತ್ತಿನಿಂದ ತುಂಬಾ ಇಷ್ಟ.

ಕಾಲೇಜು ಫುಟ್‌ಬಾಲಲ್ಲಿ ಹಾಫ್‌ಟೈಮ್ 20 ನಿಮಿಷ. ಅದರಲ್ಲಿ ಅರ್ಧ ಆ ಊರಿನ ಬ್ಯಾಂಡಿಗೆ, ಅರ್ಧ ನಮಗೆ. ಒಳಗೆ ಓಡಿ ಜಾಗ ಹಿಡಿಯೋದು, ಹೊರಗೆ ಓಡೋದು ಎಲ್ಲ ಅದರಲ್ಲೇ. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ, ಅದನ್ನು ನೋಡಿಯೇ ನಮ್ಮ ಜಾಗ ಲೆಕ್ಕ ಹಾಕೋದು. ನಾನು 45ರ ಗೆರೆಯಿಂದ ಎರಡು ಹೆಜ್ಜೆ ಒಳಗೆ. ಗೆರೆ ತಪ್ಪಿದರೆ ಹಿಂದಿನಿಂದ ಬರುವ ಟ್ಯೂಬಾ ಅನ್ನೋ ದೊಡ್ಡ ಊದುವ ವಾದ್ಯ ತಲೆಗೆ ಹೊಡೆಯುತ್ತದೆ, ಸುಮ್ನೆ ಹೇಳುತ್ತಿಲ್ಲ.

ಇಲ್ಲಿ ನನಗೆ ಅತಿ ಕಷ್ಟವಾಗಿದ್ದು ಏನು ಗೊತ್ತಾ? ತಾಳ. ನಗಬೇಡಿ. ಹತ್ತು ವರ್ಷ ಭರತನಾಟ್ಯದ ಟೀಚರ್ ಮಣೆ ಮೇಲೆ ಕೋಲು ತಟ್ಟಿದ್ದು ಕೇಳಿ ಬೆಳೆದವಳು ನಾನು, ಕಿವಿಗೆ ಬಿದ್ದ ಕೂಡಲೇ ಕಾಲು ಬೀಳುತ್ತದೆ. ಇವರದ್ದೂ ಎಂಟರ ಲೆಕ್ಕವೇ, ಆದಿತಾಳದ ಎಂಟಕ್ಷರದ ಹಾಗೇ ಕೂತುಬಿಡುತ್ತದೆ, ಅದು ಸುಲಭ. ಆದರೆ ಮೈದಾನ ನೂರು ಗಜ. ಆ ತುದಿಯಲ್ಲಿ ಡ್ರಮ್ ಹೊಡೆದರೆ ಸದ್ದು ಈ ತುದಿಗೆ ಬರಲು ಕಾಲು ಸೆಕೆಂಡು ಬೇಕು. ಜೊತೆಗೆ ಎದುರಿನ ಸ್ಟ್ಯಾಂಡಿಗೆ ಬಡಿದು ವಾಪಸ್ ಬರುವ ಸದ್ದು ಬೇರೆ. ಕೇಳಿದ್ದಕ್ಕೆ ಕಾಲು ಹಾಕಿದರೆ ನಾನು ತಡ, ಪಕ್ಕದವಳು ಮುಂದೆ, ಮೇಲಿಂದ ನೋಡಿದವರಿಗೆ ಎಲ್ಲ ಕಲಸುಮೇಲೋಗರ. ಹಾಗಾಗಿ ಕಿವಿ ನಂಬಬಾರದು, ಏಣಿ ಮೇಲೆ ನಿಂತು ಬ್ಯಾಂಡನ್ನು ನಡೆಸುವ ಡ್ರಮ್ ಮೇಜರ್‌ನ ಕೈ ಮಾತ್ರ ನೋಡಬೇಕು ಅನ್ನುತ್ತಾರೆ. ತಾಳವನ್ನು ಕಣ್ಣಲ್ಲಿ ಹಿಡಿಯೋದು! ಮೊದಮೊದಲು ತಲೆ ಕೆಟ್ಟುಹೋಗುತ್ತಿತ್ತು. ಈಗ ಕಿವಿಯನ್ನು ಒಂದು ಕಡೆ ಇಟ್ಟು ಕುಣಿಯೋದು ಅಭ್ಯಾಸವಾಗಿದೆ. ಟೀಚರಿಗೆ ಇದನ್ನು ಹೇಳಬೇಡಿ, ಇಲ್ಲ ಹೇಳಿ, ಏನನ್ನುತ್ತಾರೆ ನನಗೆ ತಿಳಿಸಿ.

ಅಭಿನಯದ ಮಾತೇ ಇಲ್ಲ, ಅಷ್ಟು ದೂರದಿಂದ ಹುಬ್ಬು ಯಾರಿಗೆ ಕಾಣುತ್ತೆ. ಎಲ್ಲ ಕೈಯಲ್ಲೇ. ಕೈ ಚಾಚಿದರೆ ಅಲ್ಲೇ ಫಕ್ಕನೆ ನಿಲ್ಲಬೇಕು, ತೇಲಬಾರದು. ಆದರೆ ಅರೆಮಂಡಿ ಕೂತು ಕೂತು ಗಟ್ಟಿಯಾದ ತೊಡೆ ಇದೆಯಲ್ಲ, ಅದು ನನ್ನನ್ನು ಆಡಿಷನ್‌ನಲ್ಲಿ ಪಾಸು ಮಾಡಿಸಿತು.

ಜನ ನೋಡಿದರಾ ಅಂತ ಕೇಳಿದರೆ, ನಿಜ ಹೇಳಲಾ? ಅರ್ಧ ಜನ ಎದ್ದು ನಾಚೋಸ್ ಸಾಲಲ್ಲಿ ನಿಂತಿದ್ದರು. ಉಳಿದವರು ಕೂಗಿದರು. ಮ್ಯಾಚ್ ನಾವು ಸೋತೆವು, ಅದೇನೂ ಹೊಸತಲ್ಲ. ಅಜ್ಜಿಗೆ ಹೇಳಿ, ಮೇಳದವರು ರಾತ್ರಿಯಿಡೀ ಕುಣಿದು ಬೆಳಗ್ಗೆ ಗಂಟು ಕಟ್ಟಿ ಇನ್ನೊಂದೂರಿಗೆ ಹೊರಡುತ್ತಾರಲ್ಲ, ನಮ್ಮದೂ ಹಾಗೇ, ಆದರೆ ನಾವು ಕುಣಿದಿದ್ದು ಹತ್ತು ನಿಮಿಷ, ಬಸ್ಸಲ್ಲಿ ಕೂತಿದ್ದು ಎರಡು ದಿನ. ನನಗೆ ಅದು ನಷ್ಟ ಅನಿಸಲಿಲ್ಲ ಅಪ್ಪ. ಆ ಹತ್ತು ನಿಮಿಷದಲ್ಲಿ ನೂರಾರು ಜನ ಒಂದೇ ಕೈಸನ್ನೆಗೆ ಹೆಜ್ಜೆ ಹಾಕುವಾಗ ಅದರೊಳಗೆ ನಾನಿದ್ದೆ. ಈ ದೇಶಕ್ಕೆ ಬಂದ ಮೇಲೆ ಬೇರೆ ಎಲ್ಲೂ ನನಗೆ ಹಾಗೆ "ಇವರಲ್ಲೊಬ್ಬಳು" ಅನಿಸಿಲ್ಲ.

ದುಡ್ಡಿನ ವಿಷಯ. ಬಸ್ಸು, ಹೋಟೆಲ್, ಊಟ ಯೂನಿವರ್ಸಿಟಿಯದ್ದು. ಶೂ, ಮೇಕಪ್ ನನ್ನದು. ಸಂಬಳ ಇಲ್ಲ, ಹಾಗಾಗಿ ವೀಸಾಕ್ಕೂ ತೊಂದರೆ ಇಲ್ಲ. ಓದಿನ ವಿಷಯ, ಮಾರ್ಕು ಇಳಿದರೆ ತಂಡದಿಂದಲೇ ತೆಗೆಯುತ್ತಾರೆ, ನಿಮಗಿಂತ ಕೋಚಿಗೆ ನನ್ನ ಮಾರ್ಕಿನ ಚಿಂತೆ ಜಾಸ್ತಿ. ಹಿಂದಿರುಗುವಾಗ ಬಸ್ಸಲ್ಲಿ ಲೈಟ್ ಹಾಕಿಕೊಂಡು ಸ್ಟ್ಯಾಟಿಸ್ಟಿಕ್ಸ್ ಅಸೈನ್‌ಮೆಂಟ್ ಮುಗಿಸಿದೆ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂತ ಅಪ್ಪನಿಗೆ ಈಗಾಗಲೇ ಅನುಮಾನ ಬಂದಿರುತ್ತದೆ. ಹೇಳಿಬಿಡುತ್ತೇನೆ. ಜನವರಿಯಲ್ಲಿ ಒರ್ಲ್ಯಾಂಡೊದಲ್ಲಿ, ಡಿಸ್ನಿ ವರ್ಲ್ಡ್ ಆವರಣದಲ್ಲೇ, ಕಾಲೇಜು ಡ್ಯಾನ್ಸ್ ಮತ್ತು ಚಿಯರ್ ತಂಡಗಳ ರಾಷ್ಟ್ರೀಯ ಸ್ಪರ್ಧೆ ಇದೆ. ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ನಮ್ಮದು ಪಾಂ ವಿಭಾಗ, ಎರಡು ನಿಮಿಷದೊಳಗೆ ಎಲ್ಲ ಮುಗಿಯಬೇಕು. ಅಭ್ಯಾಸ ಹೊಸ ವರ್ಷಕ್ಕೆ ಮೊದಲೇ ಶುರು. ಅಂದರೆ ಡಿಸೆಂಬರಲ್ಲಿ ನಾನು ಊರಿಗೆ ಬರೋದಿಲ್ಲ. ಸಂಕ್ರಾಂತಿಗೂ ಇಲ್ಲ. ಸೆಮಿಸ್ಟರ್ ಮುಗಿಸಿ ಮೇ ತಿಂಗಳಲ್ಲಿ ಬರುತ್ತೇನೆ, ಆಗ ಟಿಕೆಟ್ಟೂ ಅಗ್ಗ ಆಗಬಹುದು. ಅಪ್ಪ, ಟ್ರಾವೆಲ್ಸಿನವರಿಗೆ ಇನ್ನೂ ದುಡ್ಡು ಕಟ್ಟಿಲ್ಲ ತಾನೇ? ಕಟ್ಟಿದ್ದರೆ ಇವತ್ತೇ ಕೇಳಿ, ವಾಪಸ್ ಕೊಡುತ್ತಾರೆ. ಅಮ್ಮ, ನೀನು ಅಳಬೇಡ, ಎಳ್ಳುಬೆಲ್ಲ ಪಾರ್ಸೆಲ್ ಮಾಡು, ಸಕ್ಕರೆ ಅಚ್ಚು ಮಾತ್ರ ಬೇಡ, ಒಡೆದು ಪುಡಿಯಾಗಿ ಬರುತ್ತೆ.

ಭಾನುವಾರ ನಿಮಗೆ ರಾತ್ರಿ ಎಂಟಾದಾಗ ಫೋನ್ ಮಾಡುತ್ತೇನೆ. ಬೈಯೋದೇನಿದ್ದರೂ ಅಲ್ಲಿಯವರೆಗೆ ಇಟ್ಟುಕೊಂಡಿರಿ.

ನಿಮ್ಮ ಪುಟ್ಟಿ