ಕಿಲ್‌ಪೆಕ್ ಚರ್ಚಿನ ಸೂರಿನ ಕಲ್ಲುಗಳಿಗಾಗಿ ನಮ್ಮ ಸಂಸದರಿಗೊಂದು ಪತ್ರ

ಹೆರೆಫರ್ಡ್ ಮತ್ತು ದಕ್ಷಿಣ ಹೆರೆಫರ್ಡ್‌ಶೈರ್ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರಳು, ಹಾಸನ ಜಿಲ್ಲೆಯಲ್ಲಿ ಬೆಳೆದವಳು. ಇದೇ ಪತ್ರ ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿರುವ ನಮ್ಮ ಜನವೂ ದನಿಗೂಡಿಸಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ಕಿಲ್‌ಪೆಕ್ ಹಳ್ಳಿಯ ಚರ್ಚಿಗೆ ಮೊದಲ ಸಲ ಹೋದಾಗ ಒಳಗೆ ಹೋಗುವುದನ್ನೇ ಮರೆತು ಹೊರಗೆ ಸುತ್ತು ಹಾಕುತ್ತಿದ್ದೆ. ಬೇಲೂರಿನಲ್ಲಿ ಚಿಕ್ಕವಳಿದ್ದಾಗ ಹಾಗೇ ಸುತ್ತುತ್ತಿದ್ದೆ, ಸೂರಿನ ಕೆಳಗಿನ ಮದನಿಕೆಯರನ್ನು ನೋಡುತ್ತಾ, ಕತ್ತು ನೋಯುವವರೆಗೆ. ಇಲ್ಲಿಯೂ ನೋಡುವಂಥದ್ದೆಲ್ಲ ಸೂರಿನ ಕೆಳಗೇ ಇದೆ. ಗೋಡೆಯಿಂದ ಚಾಚಿಕೊಂಡ ಸಣ್ಣ ಸಣ್ಣ ಕಲ್ಲುಗಳು, ಎಂಬತ್ತಕ್ಕೂ ಜಾಸ್ತಿ. ಒಂದರಲ್ಲಿ ನಾಯಿ ಮತ್ತು ಮೊಲ ಅಕ್ಕಪಕ್ಕ ಮುದ್ದಾಗಿ ಕೂತಿವೆ. ಒಂದರಲ್ಲಿ ಯಾರೋ ಪಿಟೀಲು ನುಡಿಸುತ್ತಿದ್ದಾರೆ. ಇನ್ನೊಂದರಲ್ಲಿ ಶೀಲಾ ನಾ ಗಿಗ್ ಎಂದು ಕರೆಯುವ ಹೆಣ್ಣು, ಯಾವ ಸಂಕೋಚವೂ ಇಲ್ಲದೆ ತನ್ನ ಯೋನಿಯನ್ನು ತೆರೆದು ತೋರಿಸುತ್ತಾಳೆ. ಅವಳ ಅರ್ಥ ಏನೆಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ.

ಬೇಲೂರು ಕಟ್ಟಿದ್ದು 1117ರಲ್ಲಿ, ಕಿಲ್‌ಪೆಕ್ 1140ರ ಸುಮಾರಿಗೆ. ಅಲ್ಲಿಗೂ ಇಲ್ಲಿಗೂ ಯಾವ ಸಂಬಂಧವೂ ಇಲ್ಲ, ಗೊತ್ತು. ಆದರೂ ಒಂದೇ ಕಾಲದ ಕೈಗಳು ಅಂದುಕೊಂಡರೆ ಮನಸ್ಸು ತುಂಬುತ್ತದೆ.

ಕಟ್ಟಡ ಪುಟ್ಟದು. ಜನ ಕೂರುವ ಅಂಕಣ, ಅದರಾಚೆ ಪಾದ್ರಿಗಳ ಜಾಗ, ಕೊನೆಗೆ ಅರ್ಧವೃತ್ತದ ಗರ್ಭಗುಡಿಯಂಥ ಭಾಗ. ದಪ್ಪ ಗೋಡೆ, ಚಿಕ್ಕ ಕಿಟಕಿ, ದುಂಡು ಕಮಾನು. ಚೂಪು ಕಮಾನಿನ ಗೋಥಿಕ್ ಬರುವುದಕ್ಕೆ ಮುಂಚಿನ ರೋಮನೆಸ್ಕ್ ಶೈಲಿ ಇದು. ಈ ದೇಶದಲ್ಲಿ ನಾರ್ಮನ್ ಅನ್ನುತ್ತಾರೆ. ದಕ್ಷಿಣದ ಬಾಗಿಲವಾಡದ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಕಂಬಗಳ ಮೇಲೆ ಹಾವುಗಳು, ಬಳ್ಳಿಗಳು ಹೆಣೆದುಕೊಂಡಿವೆ, ನಡುವೆ ಷರಾಯಿ ತೊಟ್ಟ ಇಬ್ಬರು ಯೋಧರು. ಬಾಗಿಲ ಮೇಲೆ ಜೀವವೃಕ್ಷ. ಕೆಂಪು ಮರಳುಗಲ್ಲಿನಲ್ಲಿ ಉಳಿಯ ಏಟು ಇವತ್ತಿಗೂ ಚೂಪಾಗಿದೆ.

ಚೂಪಾಗಿಯೇ ಉಳಿಯುತ್ತದೆ ಅಂತ ಯಾರೂ ನಂಬಬಾರದು. ಇದೇ ಶಿಲ್ಪಿಗಳ ಪರಂಪರೆಯ ಇನ್ನೊಂದು ಕೆಲಸ ನಮ್ಮ ಕೌಂಟಿಯ ಶಾಬ್ಡನ್‌ನಲ್ಲಿತ್ತು. 1750ರ ದಶಕದಲ್ಲಿ ಆ ಹಳೆಯ ಚರ್ಚನ್ನು ಕೆಡವಿ, ಅದರ ಕೆತ್ತಿದ ಕಮಾನುಗಳನ್ನು ಅಂದಕ್ಕೆಂದು ಗುಡ್ಡದ ಮೇಲೆ ನಿಲ್ಲಿಸಿದರು. ಮೇಲೆ ಸೂರಿಲ್ಲ. ಮಳೆ, ಹಿಮ ಕಲ್ಲನ್ನು ತಿಂದಿವೆ. ಈಗ ಹೋದರೆ ಮುಖ ಯಾವುದು, ಬಳ್ಳಿ ಯಾವುದು ಅಂತ ತಿಳಿಯುವುದೇ ಕಷ್ಟ. ನನಗಂತೂ ಅತ್ತುಬಿಡುವ ಹಾಗಾಯಿತು.

ಹೊರಗಿರುವ ಕೆತ್ತನೆಗೆ ನೀರೇ ಶತ್ರು. ಸೂರಿನ ದೋಣಿಯಲ್ಲಿ ಎಲೆ ಕಟ್ಟಿದರೆ ನೀರು ನೇರ ಕಲ್ಲಿನ ಮೇಲೆ ಇಳಿಯುತ್ತದೆ. ಚಳಿಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲಿನ ಮೇಲ್ಪದರ ಏಳುತ್ತದೆ. ಸಂದಿಗೆ ಸುಣ್ಣದ ಗಾರೆ ಬಿಟ್ಟು ಸಿಮೆಂಟ್ ತುಂಬಿದರಂತೂ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸಣ್ಣ ರಿಪೇರಿಗಳನ್ನು ಸಮಯಕ್ಕೆ ಸರಿಯಾಗಿ, ಕೆಲಸ ಬಲ್ಲವರಿಂದ ಮಾಡಿಸಬೇಕು. ಇಂಥ ಹಳ್ಳಿ ಚರ್ಚುಗಳಲ್ಲಿ ಆ ಖರ್ಚು ಬೀಳುವುದು ಭಾನುವಾರ ಬರುವ ಬೆರಳೆಣಿಕೆಯ ಜನರ ಮೇಲೆ.

ಆ ರಿಪೇರಿಯ ಮೇಲೆ ಸರ್ಕಾರ 20 ಶೇಕಡಾ ವ್ಯಾಟ್ ಹಾಕುತ್ತದೆ. ಅದನ್ನು ಹಿಂದಿರುಗಿಸುವ ಯೋಜನೆ 2001ರಲ್ಲಿ ಬಂತು. 2025ರಲ್ಲಿ ಅದಕ್ಕೂ ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್ ಮಿತಿ ಹಾಕಿದರು, 2026ರಲ್ಲಿ ಆ ಯೋಜನೆಯನ್ನೇ ನಿಲ್ಲಿಸಿದರು. ಕೊಟ್ಟು ಮತ್ತೆ ಕೇಳುವ ಅಂಥ ಓಡಾಟವೇ ಬೇಡ, ಸರ್. ಸಂರಕ್ಷಿತ ಪಟ್ಟಿಯಲ್ಲಿರುವ ಪೂಜಾಸ್ಥಳಗಳ ರಿಪೇರಿಗೆ ವ್ಯಾಟ್ ಅನ್ನೇ ತೆಗೆಯಿರಿ ಎಂದು ಸಂಸತ್ತಿನಲ್ಲಿ ಕೇಳಿ. ನಾನು ಕ್ರೈಸ್ತಳಲ್ಲ. ಆದರೂ ಈ ಕಲ್ಲುಗಳು ನನ್ನವೂ ಹೌದು ಅಲ್ವಾ?

ಒಂದು ಸಲ ಕಿಲ್‌ಪೆಕ್‌ಗೆ ಬನ್ನಿ. ಮಳೆ ಬರುವ ದಿನವೇ ಬನ್ನಿ. ಸೂರಿನಿಂದ ನೀರು ಎಲ್ಲಿ ಬೀಳುತ್ತದೆ ಅಂತ ಜೊತೆಗೆ ನಿಂತು ನೋಡೋಣ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು