ತಾತನ ದತ್ತಿ, ನಿನ್ನ ಇನ್ನೂರು ರೂಪಾಯಿ

ಪ್ರೀತಿಯ ಪುಟ್ಟಿಗೆ,

ಮನೆ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜಿಗೆ ಎಲ್ಲರೂ ಹೆಬ್ಬೆರಳು ಎತ್ತಿದರು, ಅಮ್ಮ ಮಾತ್ರ ಸುಮ್ಮನಿದ್ದಾಳೆ ಅಂತ ನಿನಗೆ ಬೇಜಾರಂತೆ. ಬೆರಳು ಎತ್ತಿ ಮುಗಿಸುವಷ್ಟು ಸಣ್ಣ ವಿಷಯ ಅಲ್ಲ ಅಂತ ಅನಿಸಿತು. ಅದಕ್ಕೇ ಈ ಕಾಗದ.

ತಾತನ ದತ್ತಿನಿಧಿಯನ್ನು ಅದರ ಪಾಡಿಗೆ ಬಿಟ್ಟು, ಮನೆಯವರೆಲ್ಲ ತಿಂಗಳಿಗೆ ಇನ್ನೂರು ರೂಪಾಯಿ ಹಾಕೋಣ, ಆ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡೋಣ ಅಂದಿದ್ದೀಯ. ನನ್ನ ಒಪ್ಪಿಗೆ ಇದೆ. ನಿನ್ನ ದೊಡ್ಡಪ್ಪನಿಗೆ ಒಳಗೊಳಗೇ ಕಸಿವಿಸಿ. "ಅಪ್ಪನ ಹೆಸರು ಹೋಗಿಬಿಡುತ್ತೆ" ಅಂತಾರೆ.

ಹೆಸರು ಈಗ ಎಲ್ಲಿದೆ ಗೊತ್ತಾ? ತಾತ 1987ರಲ್ಲಿ ಊರಿನ ಹೈಸ್ಕೂಲಿಗೆ 5,000 ರೂಪಾಯಿ ಕೊಟ್ಟರು. ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟು, ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡಕ್ಕೆ ಜಾಸ್ತಿ ಅಂಕ ತೆಗೆದ ಮಗುವಿಗೆ ಅದರ ಬಡ್ಡಿಯಲ್ಲಿ ಬಹುಮಾನ. ಆಗ ನೂರಕ್ಕೆ ಹತ್ತು ಬಡ್ಡಿ. ವರ್ಷಕ್ಕೆ 500 ರೂಪಾಯಿ ಅಂದರೆ ಒಂದು ಮಗುವಿನ ಪಿಯುಸಿ ಪುಸ್ತಕಗಳ ಖರ್ಚು ಕಳೆದು ಒಂದು ಜೊತೆ ಬಟ್ಟೆಗೂ ಮಿಗುತ್ತಿತ್ತು. ಈಗ ಬಡ್ಡಿ ಆರೂವರೆ. ಕೈಗೆ ಬರುವುದು 325. ಹೋದ ಆಗಸ್ಟ್ 15ಕ್ಕೆ ಅದರಲ್ಲಿ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಮುಚ್ಚಳದ ಮೇಲೆ ತಾತನ ಹೆಸರು ಕೊರೆಸಿದ್ದರು. ಕೊರೆಸಿದ ಕೂಲಿಯನ್ನು ಹೆಡ್‌ಮಿಸ್ಸೇ ಕೈಯಿಂದ ಕೊಟ್ಟಿದ್ದಾರೆ. ಇಂಥ ದತ್ತಿಗಳು ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿವೆ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಿಂದ ಏನೂ ಬರುವ ಹಾಗಿಲ್ಲ.

ಇನ್ನೊಂದು ಮಾತು. ಆ 5,000 ಕೊಡುವಾಗ ತಾತ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಕೇಳುವ ರೂಢಿಯೇ ಇರಲಿಲ್ಲ ಬಿಡು. ಅಜ್ಜಿ ಮಾತ್ರ ದಿನಾ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ಅದು ಒಮ್ಮೆ ಮಠಕ್ಕೆ ಹೋಗುತ್ತಿತ್ತು, ಒಮ್ಮೆ ಹಿಂದಿನ ಬೀದಿಯ ಬಾಣಂತಿಗೆ. ಅದನ್ನು ದಾನ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರದ ಛತ್ರಕ್ಕೆ ಗುಬ್ಬಿ ತೋಟದಪ್ಪನವರ ಹೆಸರು ನೂರು ವರ್ಷ ದಾಟಿದರೂ ಉಳಿದಿದೆ, ಉಳಿಯಲೇಬೇಕು. ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ಉಂಡ ರಾಗಿ ಯಾರ ಯಾರ ಹೊಲದ್ದು ಅಂತ ಯಾವ ಕಲ್ಲಿನಲ್ಲೂ ಬರೆದಿಲ್ಲ. ಸಣ್ಣ ದುಡ್ಡು ಕೊಡುವವರು ಮೊದಲಿಂದಲೂ ಇದ್ದರು. ಆದರೆ ಎಲ್ಲಿಗೆ ಕೊಡಬೇಕು ಅಂತ ಹೇಳುವ ಅಧಿಕಾರ ಅವರಿಗಿರಲಿಲ್ಲ. ನಿನ್ನ ಪ್ಲಾನಿನಲ್ಲಿ ನನಗೆ ಇಷ್ಟವಾದದ್ದು ಅದೇ. ನಿನ್ನ ಸೋದರತ್ತೆ ಮೊನ್ನೆ ಗ್ರೂಪಿನಲ್ಲಿ "ನನ್ನ ಇನ್ನೂರಕ್ಕೆ ರಸೀದಿ ಎಲ್ಲಿ?" ಅಂತ ಕೇಳಿದರಲ್ಲ, ನನಗೆ ಎಷ್ಟು ಖುಷಿಯಾಯ್ತು!

ಈಗ ಕಷ್ಟದಲ್ಲಿರುವವರಿಗೆ ಜನರಿಂದ ದುಡ್ಡು ಕೂಡಿಸುವ ಆಪ್‌ಗಳ ವಿಷಯ. ನಮ್ಮ ಬೆಂಗಳೂರಿನ ಮಿಲಾಪ್ 2010ರಲ್ಲಿ ಶುರುವಾದದ್ದು, ಕೆಟ್ಟೋ 2012ರಲ್ಲಿ. 2016ರಲ್ಲಿ ಯುಪಿಐ ಬಂದಮೇಲಂತೂ ಐವತ್ತು ರೂಪಾಯಿ ಕಳಿಸೋಕೂ ಯಾರೂ ಹಿಂದೆಮುಂದೆ ನೋಡುವುದಿಲ್ಲ. 2021ರಲ್ಲಿ ಮುಂಬೈನಲ್ಲಿ ಎಸ್‌ಎಂಎ ಅನ್ನುವ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆಯ ಕೂಸಿಗೆ 16 ಕೋಟಿಯ ಒಂದು ಇಂಜೆಕ್ಷನ್ ಬೇಕಾಗಿತ್ತು ನೋಡು. ಜನರೇ ಕೋಟಿಗಟ್ಟಲೆ ಕೂಡಿಸಿದರು, ಸರ್ಕಾರ ಆಮದು ಸುಂಕ ಮತ್ತು ಜಿಎಸ್‌ಟಿ ಬಿಟ್ಟಿತು. ಯಾವ ತಾತನ ದತ್ತಿಯಿಂದಲೂ ಅದು ಆಗುತ್ತಿರಲಿಲ್ಲ.

ಆದರೆ ಪುಟ್ಟಿ, ಜನರ ದುಡ್ಡು ಮುಖ ನೋಡಿ ಬರುತ್ತದೆ. ಮೂಗಿಗೆ ಪೈಪು ಹಾಕಿದ ಮಗುವಿನ ಫೋಟೋ, ಅಳುವ ತಾಯಿಯ ವಿಡಿಯೋ ಇರಬೇಕು. ಇಂಗ್ಲಿಷಿನಲ್ಲಿ ಚೆಂದ ಬರೆದುಕೊಡುವ ಮಗನೋ ಅಳಿಯನೋ ಇದ್ದ ಮನೆಗೆ ಜಾಸ್ತಿ ಬರುತ್ತದೆ. ಅವರಿಗೂ ಕಷ್ಟವೇ, ಇಲ್ಲ ಅನ್ನುವುದಿಲ್ಲ. ಅದೇ ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನ ಮಕ್ಕಳಿಗೆ ಬೋರ್ಡ್ ಕಾಣುವುದಿಲ್ಲ. ಹೆಡ್‌ಮಿಸ್ ಹೇಳಿದರು, ಅವರು ಪಕ್ಕದವರ ನೋಟ್ಸ್ ನೋಡಿಕೊಂಡೇ ವರ್ಷ ಕಳೆಯುತ್ತಾರಂತೆ. ದಡ್ಡರು ಅಂತ ಹೆಸರು ಬೇರೆ. ಬೇಕಾದದ್ದು ಕಣ್ಣು ಪರೀಕ್ಷೆ, ಒಂದು ಕನ್ನಡಕ. ಇದಕ್ಕೆ ಯಾರು ವಿಡಿಯೋ ಮಾಡುತ್ತಾರೆ? ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ನಿಜ. ಪಿಯು ಸೈನ್ಸಿನ ರೆಕಾರ್ಡ್ ಪುಸ್ತಕ, ಹಾಸ್ಟೆಲ್ಲಿಗೆ ಹಾಸಿಗೆ, ಇವಕ್ಕೆಲ್ಲ ಇನ್ನೂ ಸಾಲ ಮಾಡುತ್ತಾರೆ. ನಮ್ಮ ಮನೆಯ ದುಡ್ಡು ಅಲ್ಲಿಗೆ ಹೋಗಲಿ ಅಂತ ನನ್ನ ಆಸೆ. ನಾವು ಊರಿನವರು, ಹೋಗಿ ನೋಡಬಹುದು, ಮುಂದಿನ ವರ್ಷ ಮತ್ತೆ ವಿಚಾರಿಸಬಹುದು. ಫೋನಿನಲ್ಲಿ ದುಡ್ಡು ಹಾಕಿದವರು ಹಾಕಿ ಮರೆಯುತ್ತಾರೆ, ಅವರ ತಪ್ಪಲ್ಲ.

ಸಾಲದ್ದಕ್ಕೆ ಕಾನೂನು. ಅಮೆರಿಕದ ಅಣ್ಣನನ್ನೂ ಸೇರಿಸುತ್ತೀಯಲ್ಲ, ಅವನ ಪಾಸ್‌ಪೋರ್ಟ್ ಯಾವುದು ಕೇಳು. ಭಾರತದ್ದೇ ಆದರೆ, ಅವನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರನಾಗಿದ್ದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ನೋಂದಣಿಯೋ ಅನುಮತಿಯೋ ಇಲ್ಲದ ಸಂಸ್ಥೆ ಅವನ ದುಡ್ಡು ಮುಟ್ಟುವಂತಿಲ್ಲ. ದೊಡ್ಡಪ್ಪ 80ಜಿ ಬಗ್ಗೆ, ಅಂದರೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಬಗ್ಗೆ ಕೇಳೇ ಕೇಳುತ್ತಾರೆ. ನೇರವಾಗಿ ಒಬ್ಬ ರೋಗಿಗೋ ವಿದ್ಯಾರ್ಥಿಗೋ ಕೊಟ್ಟರೆ ಆ ವಿನಾಯಿತಿ ಇಲ್ಲ. ಆ ವಿನಾಯಿತಿಗೆ ಮಾನ್ಯತೆ ಪಡೆದ ಟ್ರಸ್ಟಿಗೆ ಕೊಟ್ಟರೆ ಉಂಟು, ಅದೂ ಎರಡು ಸಾವಿರ ದಾಟಿದ ನಗದಿಗೆ ಇಲ್ಲ. ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಏನೂ ಇಲ್ಲ. ಮತ್ತೆ ಆ ಆಪ್‌ಗಳಲ್ಲಿ ದುಡ್ಡು ಹಾಕುವಾಗ ಕೆಳಗೆ ಟಿಪ್ ಅಂತ ಮೊದಲೇ ಒಂದು ಮೊತ್ತ ಗುರುತಾಗಿರುವುದುಂಟು. ನೋಡಿಕೊಂಡು ಒತ್ತು.

ಲೆಕ್ಕದ ಪುಸ್ತಕ ನಾನು ಬರೆಯುತ್ತೇನೆ. ಸಹಾಯ ತಗೊಂಡ ಮಕ್ಕಳ ಫೋಟೋ ಗ್ರೂಪಿಗೆ ಹಾಕಬಾರದು, ಇದೊಂದರಲ್ಲಿ ನಾನು ಜಗ್ಗುವುದಿಲ್ಲ. ಹೆಡ್‌ಮಿಸ್ ಮುಂದಿನ ವಾರ ಕನ್ನಡಕ ಬೇಕಾದ ಮಕ್ಕಳ ಪಟ್ಟಿ ಕೊಡುತ್ತಾರೆ. ದತ್ತಿಯ 5,000 ಹಾಗೇ ಇರಲಿ, ಡಬ್ಬಿ ಕೊಡುವುದೂ ನಡೆಯಲಿ, ಕೊರೆಸುವ ಕೂಲಿ ನಮ್ಮ ನಿಧಿಯಿಂದ ಹೋಗಲಿ. ದೊಡ್ಡಪ್ಪನಿಗೆ ಇದನ್ನು ನೀನೇ ಫೋನ್ ಮಾಡಿ ಹೇಳು. ನಾನು ಹೇಳಿದರೆ ಸೊಸೆಯರ ಕಿತಾಪತಿ ಅಂದುಕೊಳ್ಳುತ್ತಾರೆ.

ನಿನ್ನ ಅಮ್ಮ